ಬಣ್ಣದ ಪೆನ್ಸಿಲೂ ಅನ್ನದ ಪ್ರಶ್ನೆಯೂ

(ಕಳೆದ ಭಾನುವಾರ ಸಂಜೆ ಕಾರ್ಮಿಕ ಸಂಘದ ಕಚೇರಿಯಲ್ಲಿ ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣ.)



ಈ ಸಭೆಯ ಮುಂದೆ ಎರಡು ವಿಷಯಗಳಿವೆ. ಮೊದಲನೆಯದು ಬೋನಸ್ಸಿನ ಮಾತುಕತೆ. ಅದನ್ನು ಕಾರ್ಯದರ್ಶಿಗಳು ಈಗ ತಾನೆ ನಿಮಗೆ ವಿವರಿಸಿದ್ದಾರೆ. ಎರಡನೆಯದು, ಈ ಕಚೇರಿಯ ಮುಂದಿನ ಕೋಣೆಯನ್ನು ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಕಾಲ ನಮ್ಮ ಮಕ್ಕಳಿಗೆ ಚಿತ್ರ ಬರೆಯಲು, ಹಾಡಲು, ಆಟ ಕಟ್ಟಲು ಬಿಟ್ಟುಕೊಡಬೇಕೆಂಬ ಠರಾವು. ಠರಾವನ್ನು ಓದಿದ ಕೂಡಲೆ ಹಿಂದಿನ ಸಾಲಿನ ಹಿರಿಯರೊಬ್ಬರು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅದು ನಕ್ಕು ಬಿಟ್ಟುಬಿಡುವ ಮಾತಲ್ಲ. ಕೂಲಿ ಸಾಲದೆ ಇರುವಾಗ ಸಂಘದ ಜಾಗವನ್ನೂ ಹೊತ್ತನ್ನೂ ಬಣ್ಣದ ಪೆನ್ಸಿಲಿಗೆ ಕೊಡುವುದು ನ್ಯಾಯವೆ? ಈ ಪ್ರಶ್ನೆಗೆ ಉತ್ತರ ಹೇಳುವುದು ಠರಾವು ತಂದವರ ಹೊಣೆ. ಅದಕ್ಕಾಗಿಯೇ ನಿಂತಿದ್ದೇನೆ.

ವೈದ್ಯರು ಇದನ್ನು ಕಲಾ ಚಿಕಿತ್ಸೆ ಎಂದು ಕರೆಯುತ್ತಾರೆ. ಈ ಹೆಸರು ಹುಟ್ಟಿದ್ದು ಶ್ರೀಮಂತರ ದಿವಾಣಖಾನೆಯಲ್ಲಲ್ಲ, ಕ್ಷಯರೋಗದ ಆಸ್ಪತ್ರೆಯಲ್ಲಿ. ೧೯೩೮ರಲ್ಲಿ ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಚಿತ್ರಗಾರ ಕ್ಷಯ ಹಿಡಿದು ಮಿಡ್‌ಹರ್ಸ್ಟ್ ಎಂಬಲ್ಲಿನ ಆರೋಗ್ಯಧಾಮ ಸೇರಿದ. ಆ ಕಾಲಕ್ಕೆ ಕ್ಷಯಕ್ಕೆ ಇಂದಿನ ಔಷಧಗಳಿರಲಿಲ್ಲ. ತಿಂಗಳುಗಟ್ಟಲೆ ಅಲುಗದೆ ಮಲಗಿರುವುದೇ ಚಿಕಿತ್ಸೆ. ಮಲಗಿದ್ದಲ್ಲಿಯೇ ಆತ ಹಾಸಿಗೆಯ ಪಕ್ಕದಲ್ಲಿ ಕಂಡದ್ದನ್ನು ಬರೆಯತೊಡಗಿದ. ಮನಸ್ಸಿಗೆ ಹಿಡಿದಿದ್ದ ಮಂಕು ಸ್ವಲ್ಪ ಸರಿಯಿತು. ಆಮೇಲೆ ಉಳಿದ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸಿಪಾಯಿಗಳಿಗೂ ಕಲಿಸಿದ. ೧೯೪೨ರಲ್ಲಿ ಈ ಕೆಲಸಕ್ಕೆ ಕಲಾ ಚಿಕಿತ್ಸೆ ಎಂಬ ಹೆಸರಿಟ್ಟವನು ಆತನೇ. ಚಿತ್ರ ಬರೆದರೆ ಕ್ಷಯದ ಕ್ರಿಮಿ ಸಾಯುವುದಿಲ್ಲ, ನಿಜ. ಆದರೆ ಹಾಸಿಗೆ ಹಿಡಿದವನ ಒಳಗೆ ಇನ್ನೊಂದು ರೋಗ ಬೆಳೆಯುತ್ತಿರುತ್ತದೆ. ಅದಕ್ಕೆ ಹತಾಶೆ ಎಂದು ಹೆಸರು. ಹತ್ತಿಯ ಧೂಳು ಕುಡಿದು ಎದೆ ಕಟ್ಟಿಸಿಕೊಂಡವರ ಮನೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಂದು ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಒಬ್ಬ ಹೆಂಗಸಿನ ಕಥೆ. ಆಕೆಯ ಹೆಸರು ಫ್ರೀಡ್ಲ್ ಡಿಕರ್. ಹುಟ್ಟಿದ್ದು ೧೮೯೮ರಲ್ಲಿ, ಆಸ್ಟ್ರಿಯದ ವಿಯೆನ್ನಾ ನಗರದ ಬಡ ಯೆಹೂದಿ ಮನೆಯಲ್ಲಿ. ತಂದೆ ಕಾಗದ ಪೆನ್ಸಿಲು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ತಾಯಿ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಅಪ್ಪನ ಅಂಗಡಿಯ ಕಾಗದವೂ ಬಣ್ಣವೂ ಆ ಮಗುವಿನ ಆಟಿಕೆಗಳಾದವು. ಮುಂದೆ ಆಕೆ ಜರ್ಮನಿಯ ವೈಮಾರ್ ಊರಿನಲ್ಲಿ ೧೯೧೯ರಲ್ಲಿ ತೆರೆದ ಬೌಹೌಸ್ ಎಂಬ ಶಾಲೆಯಲ್ಲಿ ಓದಿದಳು. ಆ ಶಾಲೆಯಲ್ಲಿ ಮಗ್ಗದವನೂ ಬಡಗಿಯೂ ಚಿತ್ರಗಾರನೂ ಒಂದೇ ಸೂರಿನಡಿ ಕಲಿಯುತ್ತಿದ್ದರು. ಕೈಕೆಲಸ ಕೀಳು, ಕಲೆ ಮೇಲು ಎಂಬ ಭೇದ ಅಲ್ಲಿ ಇರಬಾರದೆಂಬುದು ಸಂಕಲ್ಪ. ಫ್ರೀಡ್ಲ್ ಅಲ್ಲಿ ನೇಯುವುದನ್ನು ಕಲಿತಳು, ಅಚ್ಚು ಹಾಕುವುದನ್ನು ಕಲಿತಳು, ಪುಸ್ತಕ ಕಟ್ಟುವುದನ್ನು ಕಲಿತಳು. ಬಟ್ಟೆಯ ವಿನ್ಯಾಸ ಅನೇಕ ವರ್ಷ ಆಕೆಗೆ ಅನ್ನ ಕೊಟ್ಟಿತು. ಅಂದರೆ ಆಕೆ ನಿಮ್ಮ ಕಸುಬಿನ ನೆಂಟಳು.

೧೯೩೪ರ ಫೆಬ್ರವರಿಯಲ್ಲಿ ಆಸ್ಟ್ರಿಯದ ಡಾಲ್ಫುಸ್ ಸರಕಾರ ವಿಯೆನ್ನಾದ ಕೂಲಿಕಾರರ ವಸತಿಗಳ ಮೇಲೆ ಫಿರಂಗಿ ಹಾರಿಸಿತು. ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ದೊಡ್ಡ ಕಾರ್ಮಿಕ ವಸತಿಯ ಗೋಡೆಗಳಿಗೆ ಗುಂಡು ಬಿದ್ದವು. ಆ ಹೋರಾಟದ ತರುವಾಯ ನಡೆದ ದಸ್ತಗಿರಿಯಲ್ಲಿ ಫ್ರೀಡ್ಲಳನ್ನೂ ಹಿಡಿದು ಸೆರೆಯಲ್ಲಿಟ್ಟರು. ಆಕೆ ಕಮ್ಯುನಿಸ್ಟಳು, ಬಂಡವಾಳಶಾಹಿಯನ್ನು ಖಂಡಿಸುವ ಭಿತ್ತಿಪತ್ರಗಳನ್ನು ಮಾಡಿದವಳು. ಬಿಡುಗಡೆಯಾದ ಮೇಲೆ ಪ್ರಾಗಿಗೆ ಓಡಿಹೋದಳು. ಅಲ್ಲಿ ಆಕೆ ಪೊಲೀಸರ ವಿಚಾರಣೆಯನ್ನೇ ಚಿತ್ರವಾಗಿ ಬರೆದಳು. ಎದೆಯ ಮೇಲೆ ಕುಳಿತಿದ್ದ ಭಯವನ್ನು ಎಬ್ಬಿಸಿ, ಎದುರಿಗೆ ನಿಲ್ಲಿಸಿ, ನೋಡಿದಳು. ಆಗಲೇ ಜರ್ಮನಿಯಿಂದಲೂ ಆಸ್ಟ್ರಿಯದಿಂದಲೂ ಓಡಿಬಂದಿದ್ದ ನಿರಾಶ್ರಿತರ ಮಕ್ಕಳಿಗೆ ಚಿತ್ರ ಕಲಿಸಲು ಹಿಡಿದಳು. ತನಗೆ ನೆರವಾದ ಮದ್ದನ್ನು ನೆರೆಯವರಿಗೂ ಹಂಚಿದಳು ಎನ್ನಬೇಕು.

ಇನ್ನು ಮುಂದಿನದು ಘೋರ. ಪ್ರಾಗಿನ ಉತ್ತರಕ್ಕೆ ಟೆರೆಜಿನ್ ಎಂಬ ಕೋಟೆಯ ಊರಿದೆ. ೧೯೪೧ರ ನವೆಂಬರಿನಿಂದ ಹಿಟ್ಲರನ ಜನ ಅದನ್ನು ಯೆಹೂದ್ಯರ ಬಂದೀಖಾನೆಯಾಗಿ ಮಾಡಿದರು. ಹಿಂದೆ ಸುಮಾರು ಏಳು ಸಾವಿರ ಜನ ಬಾಳುತ್ತಿದ್ದ ಊರಿನಲ್ಲಿ ೧೯೪೨ರ ಹೊತ್ತಿಗೆ ಐವತ್ತು ಸಾವಿರಕ್ಕೂ ಮಿಕ್ಕಿ ಜನರನ್ನು ತುಂಬಿದ್ದರು. ಹಸಿವು, ಹೇನು, ವಿಷಮಜ್ವರ. ಇವುಗಳ ಮೇಲೆ, ಪೂರ್ವಕ್ಕೆ ಹೊರಡುವ ರೈಲಿನ ಪಟ್ಟಿಯಲ್ಲಿ ಯಾವಾಗ ಹೆಸರು ಬರುವುದೋ ಎಂಬ ಹೆದರಿಕೆ. ೧೯೪೨ರ ಡಿಸೆಂಬರಿನಲ್ಲಿ ಫ್ರೀಡ್ಲಳನ್ನೂ ಗಂಡ ಪಾವೆಲನನ್ನೂ ಅಲ್ಲಿಗೆ ಸಾಗಿಸಿದರು. ಒಬ್ಬೊಬ್ಬರಿಗೆ ಐವತ್ತು ಕಿಲೋ ಸಾಮಾನು ಒಯ್ಯಲು ಅಪ್ಪಣೆ. ಯಾರಾದರೂ ಏನು ಒಯ್ಯುತ್ತಾರೆ? ಕಂಬಳಿ, ಪಾತ್ರೆ, ಒಣರೊಟ್ಟಿ. ಆಕೆ ಆ ತೂಕದಲ್ಲಿ ಕಾಗದಕ್ಕೂ ಬಣ್ಣಕ್ಕೂ ಜಾಗ ಮಾಡಿದಳು.

ಟೆರೆಜಿನ್ನಿನಲ್ಲಿ ಯೆಹೂದಿ ಮಕ್ಕಳಿಗೆ ಪಾಠ ಹೇಳುವುದು ನಿಷಿದ್ಧ. ಚಿತ್ರ, ಹಾಡು, ಕೈಕೆಲಸ ಇವಕ್ಕೆ ಮಾತ್ರ ತಡೆಯಿರಲಿಲ್ಲ. ಫ್ರೀಡ್ಲ್ ಆ ಸಂದಿನಲ್ಲಿ ನುಸುಳಿದಳು. ಹೆಣ್ಣುಮಕ್ಕಳನ್ನು ಇರಿಸಿದ್ದ ಕಟ್ಟಡದಲ್ಲಿ ತರಗತಿ ಆರಂಭವಾಯಿತು. ಕಾಗದ ಸಾಲದೆ ಬಂದಾಗ ಕಚೇರಿಯ ಹಳೆಯ ನಮೂನೆಗಳ ಬೆನ್ನಿನ ಮೇಲೆ, ಪೊಟ್ಟಣ ಕಟ್ಟುವ ಕಾಗದದ ಮೇಲೆ ಮಕ್ಕಳು ಬರೆದರು. ಮೊದಲು ಉಸಿರಾಟ ಸರಿಮಾಡಿಸಿ, ತಾಳಕ್ಕೆ ಕೈಯಾಡಿಸಿ, ಆಮೇಲೆ ಗೆರೆ ಎಳೆಸುತ್ತಿದ್ದಳಂತೆ. ಸೆಟೆದುಕೊಂಡಿದ್ದ ತೋಳು ಸಡಿಲವಾದ ಮೇಲೆ ಮಗು ತನ್ನದನ್ನು ಬರೆಯುತ್ತದೆ. ಮಕ್ಕಳು ಬಿಟ್ಟು ಬಂದ ಮನೆಯನ್ನು ಬರೆದರು, ಹೂವಿನ ಬಯಲನ್ನು ಬರೆದರು, ಗಂಜಿಗಾಗಿ ನಿಂತ ಸಾಲನ್ನು ಬರೆದರು, ಮೂರಂತಸ್ತಿನ ಮಂಚಗಳನ್ನು ಬರೆದರು. ಇದನ್ನು ಬರೆ, ಅದನ್ನು ಬರೆಯಬೇಡ ಎಂಬ ಒತ್ತಾಯವಿರಲಿಲ್ಲ. ಆದರೆ ಪ್ರತಿಯೊಂದು ಚಿತ್ರದ ಮೇಲೂ ಮಗು ತನ್ನ ಹೆಸರು ಬರೆಯಬೇಕೆಂದು ಆಕೆಯ ನಿಯಮ. ಯಾವ ಆಳರಸರು ಆ ಮಕ್ಕಳನ್ನು ಸಾಗಾಟದ ನಂಬರುಗಳಾಗಿ ಮಾಡಿದ್ದರೋ ಅವರ ಎದುರಿಗೆ ಒಂದೊಂದು ಹೆಸರೂ ಒಂದೊಂದು ಪ್ರತಿಭಟನೆಯಾಗಿತ್ತು.

ಅದೇ ಊರಿನಲ್ಲಿ ಹಾನ್ಸ್ ಕ್ರಾಸಾ ಎಂಬ ಸಂಗೀತಗಾರ ರಚಿಸಿದ್ದ ಬ್ರುಂಡಿಬಾರ್ ಎಂಬ ಮಕ್ಕಳ ಸಂಗೀತ ನಾಟಕವನ್ನು ೧೯೪೩ರ ಸೆಪ್ಟೆಂಬರಿನಿಂದ ಮಕ್ಕಳೇ ಆಡಿದರು. ಬೀದಿಯ ದುಷ್ಟನೊಬ್ಬನನ್ನು ಮಕ್ಕಳೆಲ್ಲ ಒಟ್ಟಾಗಿ ಓಡಿಸುವ ಕಥೆ ಅದು. ಐವತ್ತಕ್ಕೂ ಹೆಚ್ಚು ಸಲ ಆಟವಾಯಿತು. ಆ ದುಷ್ಟ ಯಾರೆಂಬುದು ನೋಡುವವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಚಿತ್ರ ಬರೆದದ್ದರಿಂದ ಆ ಮಕ್ಕಳು ಉಳಿದರೆ? ಉಳಿಯಲಿಲ್ಲ. ೧೯೪೪ರ ಅಕ್ಟೋಬರಿನಲ್ಲಿ ಫ್ರೀಡ್ಲಳನ್ನೂ, ಆಕೆಯ ಅನೇಕ ಶಿಷ್ಯೆಯರನ್ನೂ ಆಶ್ವಿಟ್ಸಿಗೆ ಸಾಗಿಸಿ ಕೊಂದರು. ಗಂಡನನ್ನು ಮೊದಲೇ ಕಳುಹಿಸಿದ್ದರು. ಅವನ ಹಿಂದೆ ಹೋಗಲು ಆಕೆಯೇ ಹೆಸರು ಕೊಟ್ಟಳು. ಗಂಡ ಬದುಕಿ ಬಂದ, ಆಕೆ ಬರಲಿಲ್ಲ. ಅಲ್ಲಿಂದ ಸಾಗಿಸಲ್ಪಟ್ಟ ಮಕ್ಕಳಲ್ಲಿ ಮರಳಿದವರು ಬಹಳ ಕೆಲವರು. ಹೊರಡುವ ಮುನ್ನ ಸುಮಾರು ೪,೫೦೦ ಚಿತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿ ಬಚ್ಚಿಟ್ಟಿದ್ದಳು. ಯುದ್ಧ ಮುಗಿದ ಮೇಲೆ ೧೯೪೫ರಲ್ಲಿ ಅವು ಪ್ರಾಗಿಗೆ ಬಂದವು. ಇಂದು ಅಲ್ಲಿನ ಯೆಹೂದಿ ವಸ್ತುಸಂಗ್ರಹಾಲಯದ ವಶದಲ್ಲಿವೆ.

ಇನ್ನೂ ಒಂದು ಕಹಿ ಸಂಗತಿಯುಂಟು. ೧೯೪೪ರ ಜೂನ್ ೨೩ರಂದು ಅಂತರರಾಷ್ಟ್ರೀಯ ರೆಡ್‌ಕ್ರಾಸಿನವರು ಟೆರೆಜಿನ್ ನೋಡಲು ಬಂದರು. ಅದಕ್ಕೆ ಮುಂಚೆ, ಮೇ ತಿಂಗಳಲ್ಲಿ, ಊರು ಕಿಕ್ಕಿರಿದು ಕಾಣಬಾರದೆಂದು ನಾಜಿಗಳು ಸುಮಾರು ೭,೫೦೦ ಜನರನ್ನು ಆಶ್ವಿಟ್ಸಿಗೆ ಅಟ್ಟಿದರು. ಗೋಡೆಗೆ ಬಣ್ಣ ಬಳಿದರು, ಹೂಗಿಡ ನೆಟ್ಟರು, ಅದೇ ಮಕ್ಕಳ ನಾಟಕವನ್ನು ಅತಿಥಿಗಳಿಗೆ ತೋರಿಸಿದರು. ಮಕ್ಕಳ ಹಾಡನ್ನೇ ಕೊಲೆಗಾರರು ಪರದೆಯಾಗಿ ಕಟ್ಟಿದರು.

ಸಂಗಾತಿಗಳೆ, ಇದರಿಂದ ನಾವು ಕಲಿಯಬೇಕಾದ ಪಾಠ ಎರಡು. ಮೊದಲನೆಯದು: ಕಲೆ ಯಾರ ಕೈಯಲ್ಲಿದೆ ಎಂಬುದನ್ನು ಕೇಳದೆ ಕಲೆಯನ್ನು ಹೊಗಳಬಾರದು. ಫ್ರೀಡ್ಲಳ ತರಗತಿಯಲ್ಲಿ ಚಿತ್ರ ಮಗುವಿನದು. ಅತಿಥಿಗಳ ಎದುರಿನ ಪ್ರದರ್ಶನದಲ್ಲಿ ಆಟ ಯಜಮಾನನದು. ಇಂದು ದೊಡ್ಡ ಕಂಪನಿಗಳಲ್ಲಿ ಒತ್ತಡ ನಿವಾರಣೆಯ ಶಿಬಿರಗಳು ನಡೆಯುತ್ತವೆ. ಒಂದು ಮಧ್ಯಾಹ್ನ ಡೋಲು ಬಾರಿಸಿ, ಬಣ್ಣ ಬಳಿದು, ಫೋಟೋ ತೆಗೆಸಿಕೊಳ್ಳುತ್ತಾರೆ. ಮರುದಿನ ಪಾಳಿ ಅದೇ, ಮಗ್ಗದ ವೇಗ ಅದೇ, ಮೇಸ್ತ್ರಿಯ ಬೈಗುಳ ಅದೇ. ಹನ್ನೆರಡು ಗಂಟೆ ದುಡಿಸಿ ಹತ್ತು ನಿಮಿಷ ಹಾಡಿಸುವುದಕ್ಕೆ ಚಿಕಿತ್ಸೆ ಎನ್ನಲಾಗದು. ನೋವಿನ ಕಾರಣವನ್ನು ಹಾಗೆಯೇ ಇಟ್ಟು ನೋವಿಗೆ ಲಾಲಿ ಹಾಡುವುದನ್ನು ನಾವು ಒಪ್ಪತಕ್ಕದ್ದಲ್ಲ. ಹಿಂದಿನ ಸಾಲಿನ ಹಿರಿಯರ ಗುಮಾನಿಯಲ್ಲಿ ಇಷ್ಟು ಸತ್ಯವುಂಟು, ಅದಕ್ಕೆ ನಾನು ತಲೆಬಾಗುತ್ತೇನೆ.

ಎರಡನೆಯ ಪಾಠ: ಕಲೆ ಮಾಡಲಾರದ್ದನ್ನು ಅದರಿಂದ ಕೇಳಬಾರದು, ಮಾಡಬಲ್ಲದ್ದನ್ನು ಬಿಡಲೂಬಾರದು. ಫ್ರೀಡ್ಲ್ ರೈಲನ್ನು ನಿಲ್ಲಿಸಲಾರಳಾಗಿದ್ದಳು. ರೈಲು ಬರುವವರೆಗೆ ಮಕ್ಕಳು ಮಕ್ಕಳಾಗಿ ಉಳಿಯುವಂತೆ ಮಾಡಿದಳು. ಬದುಕಿ ಬಂದ ಕೆಲವರು ಮುದಿತನದಲ್ಲಿಯೂ ಆ ತರಗತಿಯನ್ನು ನೆನೆದು ಹೇಳಿದ್ದಾರೆ.

ಆಕೆಯ ದೀಪ ಅಲ್ಲಿಗೇ ನಂದಲೂ ಇಲ್ಲ. ಪ್ರಾಗಿನಲ್ಲಿ ನಿರಾಶ್ರಿತ ಮಕ್ಕಳಿಗೆ ಕಲಿಸುವಾಗ ಎಡಿತ್ ಕ್ರೇಮರ್ ಎಂಬ ಹುಡುಗಿ ಆಕೆಗೆ ನೆರವಾಗುತ್ತಿದ್ದಳು. ಈ ಎಡಿತ್ ೧೯೩೮ರಲ್ಲಿ ನ್ಯೂಯಾರ್ಕಿಗೆ ತಪ್ಪಿಸಿಕೊಂಡು ಹೋದಳು. ಯುದ್ಧದ ಕಾಲದಲ್ಲಿ ಅಲ್ಲಿ ಯಂತ್ರದ ಅಚ್ಚು ಮಾಡುವ ಕಾರ್ಖಾನೆಯಲ್ಲಿ ಕೂಲಿಗೆ ಸೇರಿ ಯಂತ್ರ ನಡೆಸಿದಳು. ಪಾಳಿ ಮುಗಿದ ಮೇಲೆ ಮನೆಗೆ ಹೋಗದೆ ಅಲ್ಲಿಯೇ ನಿಂತು ಜೊತೆಯ ಕೆಲಸಗಾರರನ್ನು ಚಿತ್ರಿಸುತ್ತಿದ್ದಳು. ತರುವಾಯ ವಿಲ್ಟ್‌ವಿಕ್ ಎಂಬ ಶಾಲೆಯಲ್ಲಿ, ಕೊಳೆಗೇರಿಗಳಿಂದ ಬಂದ, ಪುಂಡರೆಂದು ಹೆಸರು ಹೊತ್ತ ಗಂಡುಹುಡುಗರ ನಡುವೆ ಚಿತ್ರದ ತರಗತಿ ನಡೆಸಿದಳು. ೧೯೫೮ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಬರೆದಳು. ಆಕೆಯ ಅಭಿಪ್ರಾಯದ ಸಾರ ಇಷ್ಟು: ಸಿಟ್ಟೂ ಒಂದು ಶಕ್ತಿ. ಅದನ್ನು ತುಳಿದರೆ ಕೊಳೆಯುತ್ತದೆ, ಬಿಟ್ಟರೆ ಒಡೆಯುತ್ತದೆ. ಅದಕ್ಕೊಂದು ರೂಪ ಕೊಡುವ ದುಡಿಮೆಯಲ್ಲಿಯೇ ಮನಸ್ಸು ಹದಕ್ಕೆ ಬರುತ್ತದೆ. ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಕಲಾ ಚಿಕಿತ್ಸೆಯನ್ನು ಕಲಿಸುವಾಗ ಈ ಯಂತ್ರದ ಕೆಲಸಗಾರ್ತಿಯ ಹೆಸರನ್ನು ಹೇಳುತ್ತಾರೆ. ಆಕೆ ತೀರಿಕೊಂಡದ್ದು ೨೦೧೪ರಲ್ಲಿ.

ಹೀಗೆ ರೂಪ ಕೊಡುವುದು ನಮ್ಮವರಿಗೆ ಹೊಸದಲ್ಲ. ನಮ್ಮ ಅಜ್ಜಿಯರು ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಏನು ಮಾಡುತ್ತಿದ್ದರು? ತವರಿನ ನೆನಪು, ಅತ್ತೆಯ ಕಾಟ, ತೀರಿಹೋದ ಕೂಸು, ಯಾರ ಹತ್ತಿರವೂ ಹೇಳಲಾಗದ್ದನ್ನೆಲ್ಲ ಪದ ಕಟ್ಟಿ ಹಾಡುತ್ತಿದ್ದರು. ಕಲ್ಲಿನ ಸದ್ದು ಒಂದು ಮರೆ. ಎದುರಿಗೆ ಕುಳಿತು ಕೈಗೂಡಿಸಿದವಳು ಸೊಲ್ಲೆತ್ತಿದರೆ ದುಃಖ ಇಬ್ಬರದಾಗುತ್ತಿತ್ತು. ಹಿಟ್ಟಿನ ಗಿರಣಿ ಬಂತು, ರಟ್ಟೆಯ ನೋವು ಹೋಯಿತು, ಒಳ್ಳೆಯದೇ ಆಯಿತು. ಆದರೆ ಪದವೂ ಹೋಯಿತು. ಅದರ ಜಾಗಕ್ಕೆ ಏನು ಬಂತೆಂದು ಯಾರೂ ಕೇಳಲಿಲ್ಲ.

ಮಗ್ಗದ ಖಾತೆಯಲ್ಲಿ ಎಂಟು ಗಂಟೆ ನಿಂತವನಿಗೆ ಪಕ್ಕದವನ ಮಾತು ಕೇಳಿಸುವುದಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ತಿಳಿಯಬೇಕು. ಮನೆಗೆ ಬರುವಾಗ ಅವನಲ್ಲಿ ಮಾತೇ ಉಳಿದಿರುವುದಿಲ್ಲ. ಅಂಗಡಿಯವನ ಪಾಡೂ ಇದಕ್ಕೆ ದೂರವಿಲ್ಲ. ಹಗಲೆಲ್ಲ ಗಿರಾಕಿಗೆ ನಗುಮುಖ ತೋರಿಸಿ, ರಾತ್ರಿ ಸಾಲದ ಲೆಕ್ಕ ಹಿಡಿದು ಕೂತಾಗ ಅವನ ಮುಖ ನೋಡುವವರು ಯಾರು? ಒಳಗಿನ ಸಂಕಟ ದಾರಿ ಹುಡುಕಿಯೇ ಹುಡುಕುತ್ತದೆ. ಕೆಲವರದು ಸೆರೆಯ ಅಂಗಡಿಗೆ ಹೋಗುತ್ತದೆ, ಕೆಲವರದು ಹೆಂಡತಿಯ ಬೆನ್ನಿನ ಮೇಲೆ ಬೀಳುತ್ತದೆ. ಇದನ್ನೆಲ್ಲ ಮೂಲೆಯಲ್ಲಿ ಕುಳಿತು ನೋಡುವ ಮಗುವಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಶಾಲೆಯಲ್ಲಿ ಆ ಮಗು ಮಂಕಾಗಿ ಕೂತರೆ ದಡ್ಡ ಎನ್ನುತ್ತಾರೆ, ಹೊಡೆದಾಡಿದರೆ ಪೋಕರಿ ಎನ್ನುತ್ತಾರೆ. ನಾನು ಮೇಷ್ಟ್ರಾಗಿದ್ದವನು, ಇಂಥ ಮಕ್ಕಳನ್ನು ಬಲ್ಲೆ. ಏನಾಯಿತೆಂದು ಕೇಳಿದರೆ ಬಾಯಿ ಬಿಡದ ಮಗು, ಸೀಮೆಸುಣ್ಣ ಕೊಟ್ಟರೆ ನೆಲದ ಮೇಲೆ ಮನೆ ಬರೆಯುತ್ತದೆ. ಆ ಮನೆಗೆ ಬಾಗಿಲಿರುವುದಿಲ್ಲ.

ಇದು ಬರಿಯ ಮೇಷ್ಟ್ರ ಮಾತೆಂದು ತಿಳಿಯಬೇಡಿ. ೧೯೮೬ರಲ್ಲಿ ಅಮೆರಿಕೆಯ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಸಹಾಯಕಿಯೊಡನೆ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದ. ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆಯಲು ಹೇಳಿದ. ಕೆಲವರು ಸಾಧಾರಣ ವಿಷಯ ಬರೆದರು; ಕೆಲವರು ಬಾಳಿನ ದೊಡ್ಡ ಪೆಟ್ಟನ್ನೂ ಅದರ ನೋವನ್ನೂ ಬರೆದರು. ನೋವು ಬರೆದವರಿಗೆ ಆ ಕೂಡಲೆ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಉಳಿದವರಿಗಿಂತ ಕಡಿಮೆ. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಕಲೆಹಾಕಿ, ರೋಗ ತಡೆಯುವುದರಲ್ಲಿಯೂ ಉಪಶಮನದಲ್ಲಿಯೂ ಕಲೆಗೆ ಪಾತ್ರವುಂಟೆಂದು ವರದಿ ಕೊಟ್ಟಿತು. ನಮ್ಮ ನಾಡಿನಲ್ಲಿಯೇ ಮೈಸೂರು ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಕೈದಿಗಳಿಂದ ನಾಟಕ ಆಡಿಸಿ ತೋರಿಸಿದ್ದಾರೆ.

ಒಂದು ಎಚ್ಚರಿಕೆಯ ಮಾತು. ಚಿತ್ರ ಬರೆಸುವ ಮೇಷ್ಟ್ರು ವೈದ್ಯನಲ್ಲ. ರಾತ್ರಿ ನಿದ್ದೆ ಹೋದವರು, ಸಾಯುವ ಮಾತಾಡುವವರು, ಕಾಣದ್ದನ್ನು ಕಂಡೆನೆನ್ನುವವರು, ಇವರನ್ನು ಬಣ್ಣದ ಮುಂದೆ ಕೂರಿಸಿ ಕೈತೊಳೆದುಕೊಳ್ಳಬಾರದು. ಮಂತ್ರ ತಾಯಿತಗಳ ಕಡೆಗಂತೂ ಒಯ್ಯಲೇಬಾರದು. ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ೧೯೮೫ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ, ಮನೋರೋಗದ ಚಿಕಿತ್ಸೆ ಹಳ್ಳಿಯ ಆಸ್ಪತ್ರೆಯಲ್ಲಿಯೂ ಸಿಗಬಹುದೆಂದು ಮಾಡಿ ತೋರಿಸಿದರು. ೧೯೯೬ರಲ್ಲಿ ಇಡೀ ದೇಶಕ್ಕೆ ಆರಂಭಿಸಿದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ೨೦೧೭ರ ಕಾನೂನು ಮಾನಸಿಕ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಹೇಳಿದೆ. ೨೦೨೨ರಿಂದ ೧೪೪೧೬ ಎಂಬ ಉಚಿತ ದೂರವಾಣಿ ಇದೆ. ಈ ನಂಬರನ್ನು ಕಚೇರಿಯ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸೋಣ. ಹಕ್ಕು ಕಾಗದದ ಮೇಲಿದ್ದು ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿದ್ದರೆ, ಆಗ ನಮ್ಮ ಮೆರವಣಿಗೆ ಇದ್ದೇ ಇದೆ.

ಇನ್ನು ಭಾನುವಾರದ ಕೋಣೆಯ ವಿಚಾರ. ಇದಕ್ಕೆ ನಾಲ್ಕು ಕಟ್ಟಳೆ ಸಾಕು. ಒಂದು, ಬಹುಮಾನವಿಲ್ಲ, ಒಳ್ಳೆಯ ಚಿತ್ರ ಕೆಟ್ಟ ಚಿತ್ರವೆಂಬ ತೀರ್ಪಿಲ್ಲ. ಎರಡು, ಮಗು ಬರೆದದ್ದು ಮಗುವಿನದು. ಅದು ಒಪ್ಪದೆ ಚಿತ್ರವನ್ನು ಯಾರಿಗೂ ತೋರಿಸಬಾರದು. ಪಕ್ಷದ ವೇದಿಕೆಗೂ ತರಬಾರದು. ಇದು ನಮಗೆ ನಾವೇ ಹಾಕಿಕೊಳ್ಳುವ ಬೇಲಿ. ಮೂರು, ಪ್ರತಿ ಚಿತ್ರಕ್ಕೂ ಬರೆದವರ ಹೆಸರು. ನಾಲ್ಕು, ಹೆಣ್ಣುಮಗು ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದರೆ, ಆ ತಮ್ಮನನ್ನು ಎತ್ತಿಕೊಳ್ಳಲು ನಮ್ಮಲ್ಲೊಬ್ಬರು ಅಲ್ಲಿರಬೇಕು. ಅವಳ ಎರಡು ಕೈಗಳೂ ಅಷ್ಟು ಹೊತ್ತು ಅವಳದಾಗಿರಲಿ.

ಖರ್ಚೆಷ್ಟು ಎಂದು ಖಜಾಂಚಿಗಳು ಕೇಳುತ್ತಾರೆ. ಟೆರೆಜಿನ್ನಿನ ಮಕ್ಕಳು ಹಳೆಯ ನಮೂನೆಗಳ ಬೆನ್ನಿನ ಮೇಲೆ ಬರೆದರು. ಪೇಟೆಯ ಬಂಧುಗಳೆ, ನಿಮ್ಮ ಅಂಗಡಿಗಳಲ್ಲಿ ಒಂದು ಬದಿ ಖಾಲಿಯಿರುವ ಬಿಲ್ಲುಗಳು, ಹಳೆಯ ಕ್ಯಾಲೆಂಡರುಗಳು, ಬಟ್ಟೆಯ ಥಾನಿನೊಳಗಿನ ರಟ್ಟುಗಳು ಎಷ್ಟಿಲ್ಲ? ವಾರಕ್ಕೊಂದು ಕಟ್ಟು ಕೊಡಿ. ಗಿರಣಿಯ ಸಂಗಾತಿಗಳು ತಲೆಗೆ ಐದು ರೂಪಾಯಿ ಹಾಕಿದರೆ ಪೆನ್ಸಿಲು ಬರುತ್ತದೆ. ಬೋನಸ್ಸಿನ ಹೋರಾಟದ ನಿಧಿಯಿಂದ ಒಂದು ಕಾಸೂ ತೆಗೆಯುವುದಿಲ್ಲ.

ಹಿರಿಯರೆ, ನಿಮ್ಮ ಗಾದೆಗೆ ನನ್ನ ಉತ್ತರ ಇಷ್ಟೆ. ಹೊಟ್ಟೆಗೆ ಹಿಟ್ಟು ಬೇಕು. ಅದಕ್ಕಾಗಿ ಈ ಸಂಘ ಹುಟ್ಟಿತು, ಅದಕ್ಕಾಗಿ ನಾಳೆಯೂ ನಾವು ಗೇಟಿನ ಮುಂದೆ ನಿಲ್ಲುತ್ತೇವೆ. ಆದರೆ ಬಡವನ ಮಗುವಿಗೆ ಹಿಟ್ಟು ಸಿಕ್ಕಿದರೆ ಸಾಕು, ಮಲ್ಲಿಗೆ ಮೇಲಿನವರ ಮುಡಿಗೆ ಎಂದು ಹೇಳಿಕೊಟ್ಟವರು ಯಾರು? ಅದನ್ನು ಹೇಳಿಕೊಟ್ಟವರ ಮನೆಯಲ್ಲಿ ಮಕ್ಕಳಿಗೆ ಸಂಗೀತದ ಮೇಷ್ಟ್ರು ಬೇರೆ, ಚಿತ್ರದ ಮೇಷ್ಟ್ರು ಬೇರೆ ಬರುತ್ತಾರೆ. ನಾವು ಎರಡನ್ನೂ ಕೇಳುತ್ತೇವೆ. ಒಂದನ್ನು ಯಜಮಾನನಿಂದ ಹೋರಾಡಿ ಪಡೆಯಬೇಕು. ಇನ್ನೊಂದನ್ನು ಕೊಡಲು ಈ ಕೋಣೆಯ ಬೀಗದ ಕೈ ಸಾಕು. ಅದು ನಮ್ಮ ಹತ್ತಿರವೇ ಇದೆ.

ಠರಾವನ್ನು ಮತಕ್ಕೆ ಹಾಕಬೇಕೆಂದು ಅಧ್ಯಕ್ಷರನ್ನು ಕೋರುತ್ತೇನೆ.